ಕಬ್ಬಿಣದ ಅದಿರಿನಲ್ಲಿ ಒಟ್ಟು ಕಬ್ಬಿಣ ಎಷ್ಟಿದೆ? ಡೈಕ್ರೋಮೇಟ್ ಟೈಟ್ರೇಷನ್ ಮಾಡುವ ಬಗೆ

ಸಂಡೂರು–ಹೊಸಪೇಟೆ ಕಡೆಯ ಅದಿರು ಬಹುಪಾಲು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಅದರ ಮಾರಾಟದ ಬೆಲೆಯೂ ಸರ್ಕಾರಕ್ಕೆ ಕಟ್ಟುವ ರಾಯಧನವೂ ಅದರಲ್ಲಿರುವ ಕಬ್ಬಿಣದ ಶೇಕಡಾ ಪ್ರಮಾಣದ ಮೇಲೆ ನಿಂತಿವೆ. 58, 60, 62, 65 ದರ್ಜೆಯ ಗಡಿಗಳು. 61.9 ಬಂದರೆ ಒಂದು ದರ್ಜೆ, 62.1 ಬಂದರೆ ಅದರ ಮೇಲಿನದು. ಹೀಗಾಗಿ ಲ್ಯಾಬ್ ರಿಪೋರ್ಟಿನಲ್ಲಿ 0.2ರಷ್ಟು ಏರುಪೇರಾದರೂ ಒಂದಿಡೀ ರೇಕಿನ (ಅದಿರು ಸಾಗಿಸುವ ಗೂಡ್ಸ್ ರೈಲಿನ) ಲೆಕ್ಕ ಬದಲಾಗುತ್ತದೆ.

ಈಗ ಹೆಚ್ಚಿನ ಕಾರ್ಖಾನೆಗಳಲ್ಲಿ ದಿನನಿತ್ಯದ ಕೆಲಸವನ್ನು ಎಕ್ಸ್-ರೇ ಫ್ಲೂರೊಸೆನ್ಸ್ ಯಂತ್ರ ಮಾಡುತ್ತದೆ. ಆದರೆ ಆ ಯಂತ್ರಕ್ಕೆ ಅಳತೆ ಕಲಿಸುವ ಮಾದರಿಗಳ ಅಂಕಿ ಬಂದಿರುವುದು ಆಮ್ಲ, ಬೀಕರ್, ಬ್ಯುರೆಟ್‌ಗಳಿಂದಲೇ. ಕೊಳ್ಳುವವರ ಲ್ಯಾಬಿನ ಅಂಕಿಗೂ ಮಾರುವವರ ಲ್ಯಾಬಿನ ಅಂಕಿಗೂ ತಾಳೆಯಾಗದಿದ್ದಾಗ ಮತ್ತೆ ಮೊರೆಹೋಗುವುದೂ ಇದೇ ವಿಧಾನಕ್ಕೆ. ಭಾರತೀಯ ಮಾನಕ ಐಎಸ್ 1493, ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2597 ಎರಡರಲ್ಲೂ ಇದರ ರೂಪಗಳಿವೆ.

ಟೈಟ್ರೇಷನ್ ಎಂದರೆ ಬಲ ಗೊತ್ತಿರುವ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಬಿಟ್ಟು, ಕ್ರಿಯೆ ಮುಗಿಯಲು ಎಷ್ಟು ಬೇಕಾಯಿತೆಂದು ನೋಡುವುದು. ಹೊಸಬರು ಅದರ ಕೊನೆಯ ಹನಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆ ಹನಿಯಿಂದ ಆಗುವ ತಪ್ಪು ಹೆಚ್ಚೆಂದರೆ 0.07. ದೊಡ್ಡ ತಪ್ಪುಗಳೆಲ್ಲ ಬ್ಯುರೆಟ್ ಮುಟ್ಟುವ ಮೊದಲೇ ಆಗಿಹೋಗಿರುತ್ತವೆ: ಮಾದರಿ ತೆಗೆಯುವಾಗ, ಒಣಗಿಸುವಾಗ, ಕರಗಿಸುವಾಗ, ತವರದ ದ್ರಾವಣ ಹಾಕುವಾಗ. ಅದಕ್ಕೇ ಈ ಬರಹ ಆ ಹಂತಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಒಳಗೆ ನಡೆಯುವುದೇನು

ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದಾಗ ಕಬ್ಬಿಣ ಹೆಚ್ಚಾಗಿ ಫೆರ್ರಿಕ್ (ಹೆಚ್ಚು ಆಕ್ಸಿಡೀಕರಣಗೊಂಡ) ರೂಪದಲ್ಲಿ ಹಳದಿಯಾಗಿ ನಿಲ್ಲುತ್ತದೆ. ಸ್ಟ್ಯಾನಸ್ ಕ್ಲೋರೈಡ್ ಎಂಬ ತವರದ ಲವಣ ಹಾಕಿ ಅದನ್ನು ಪೂರ್ತಿ, ಕಡಿಮೆ ಆಕ್ಸಿಡೀಕರಣಗೊಂಡ ಫೆರ್ರಸ್‌ಗೆ ಇಳಿಸುತ್ತೇವೆ. ಮಿಕ್ಕ ಸ್ಟ್ಯಾನಸ್ ಅನ್ನು ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ಲವಣ ಹಾಕಿ ಕೊಲ್ಲುತ್ತೇವೆ. ಆಮೇಲೆ ಬಲ ಗೊತ್ತಿರುವ ಪೊಟ್ಯಾಸಿಯಂ ಡೈಕ್ರೋಮೇಟ್ ಬಿಟ್ಟು, ಫೆರ್ರಸ್ ಎಲ್ಲವೂ ಮತ್ತೆ ಫೆರ್ರಿಕ್ ಆಗಲು ಎಷ್ಟು ಬೇಕಾಯಿತೆಂದು ಅಳೆಯುತ್ತೇವೆ. ಪರ್ಮ್ಯಾಂಗನೇಟ್ ಬಿಟ್ಟು ಡೈಕ್ರೋಮೇಟ್ ಏಕೆಂದರೆ, ಪರ್ಮ್ಯಾಂಗನೇಟ್ ಕಬ್ಬಿಣದ ಸಂಗಡ ಕ್ಲೋರೈಡನ್ನೂ ಒಂದಷ್ಟು ಆಕ್ಸಿಡೀಕರಿಸಿ ಹೆಚ್ಚು ಖರ್ಚಾಗುತ್ತದೆ. ಡೈಕ್ರೋಮೇಟ್‌ಗೆ ಆ ತೊಂದರೆಯಿಲ್ಲ. ಒಣಗಿಸಿ ತೂಗಿದರೆ ಅದರ ಬಲವನ್ನು ಬೇರೆ ಯಾವುದರ ಎದುರೂ ಪರೀಕ್ಷಿಸಬೇಕಿಲ್ಲ.

ದ್ರಾವಣಗಳು

ಡೈಕ್ರೋಮೇಟ್, 0.1 ನಾರ್ಮಲ್ (ನಾರ್ಮಲ್ ಎಂಬುದು ದ್ರಾವಣದ ಬಲದ ಅಳತೆ): ಶುದ್ಧ ಪೊಟ್ಯಾಸಿಯಂ ಡೈಕ್ರೋಮೇಟನ್ನು ಅಗೇಟ್ ಖಲ್ಲಿನಲ್ಲಿ ಪುಡಿಮಾಡಿ, 140–150 °ಸೆ.ನಲ್ಲಿ ಎರಡು ಗಂಟೆ ಒಣಗಿಸಿ, ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ. 4.9031 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ, 1 ಲೀಟರ್ ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಿಸಿ. ತುಂಬಿಸುವಾಗ ದ್ರಾವಣದ ಉಷ್ಣತೆ ಎಷ್ಟಿತ್ತೆಂದು ಬಾಟಲಿಯ ಮೇಲೆ ಬರೆದಿಡಿ.

ಈ ಕೊನೆಯ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಳ್ಳಾರಿಯ ಬೇಸಿಗೆಯಲ್ಲಿ ಅದರ ಬೆಲೆ ತೆರುತ್ತಾರೆ. ಎ.ಸಿ. ಕೋಣೆಯಲ್ಲಿ 25 °ಸೆ.ಗೆ ತಯಾರಿಸಿದ ದ್ರಾವಣವನ್ನು 35 °ಸೆ. ಇರುವ ಕೋಣೆಯಲ್ಲಿ ಬಳಸಿದರೆ, ನೀರು ಹಿಗ್ಗಿ ಅದೇ ಗಾತ್ರದಲ್ಲಿ ಡೈಕ್ರೋಮೇಟ್ ಸುಮಾರು ಶೇ. 0.29ರಷ್ಟು ಕಡಿಮೆ ಇರುತ್ತದೆ. ಕಬ್ಬಿಣ 64.00 ಇರುವ ಅದಿರು 64.19 ತೋರಿಸುತ್ತದೆ. ಕೈಕೆಲಸದಲ್ಲಿ ಒಂದು ತಪ್ಪೂ ಇರುವುದಿಲ್ಲ, ಅಂಕಿ ಮಾತ್ರ ತಪ್ಪಿರುತ್ತದೆ. ಇದಕ್ಕೆ ಒಂದೋ ಉಷ್ಣತೆಯ ತಿದ್ದುಪಡಿ ಹಾಕಬೇಕು, ಇಲ್ಲವೇ ತಯಾರಿಸುವ ಕೋಣೆಯಲ್ಲೇ ಟೈಟ್ರೇಷನ್ ಮಾಡಬೇಕು. ಗಾಜಿನ ಸಾಮಾನಿನ ಮೇಲೆ 20 °ಸೆ. ಎಂದಿದೆಯೋ 27 °ಸೆ. ಎಂದಿದೆಯೋ ಅದನ್ನೂ ನೋಡಿ. ಭಾರತದಲ್ಲಿ ಎರಡೂ ಬಗೆಯವು ಸಿಗುತ್ತವೆ, ಬೆರೆಸಿ ಬಳಸಬೇಡಿ.

ಸ್ಟ್ಯಾನಸ್ ಕ್ಲೋರೈಡ್: 100 ಗ್ರಾಂ ಹರಳನ್ನು 200 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೀರಿನ ಪಾತ್ರೆಯ ಮೇಲೆ ಬಿಸಿಮಾಡಿ ಕರಗಿಸಿ, ಆರಿಸಿ, ನೀರು ಸೇರಿಸಿ 1 ಲೀಟರ್ ಮಾಡಿ. ಮೊದಲೇ ನೀರು ಹಾಕಿದರೆ ಬೆಳ್ಳಗೆ ಒಡೆಯುತ್ತದೆ. ಕಂದು ಬಾಟಲಿಯಲ್ಲಿ ಒಂದಿಷ್ಟು ತವರದ ಹರಳು ಹಾಕಿಡಿ. ಗಾಳಿ ತಾಗಿ ಕೆಡುವ ಸ್ಟ್ಯಾನಸ್ ಅನ್ನು ಅದು ಮತ್ತೆ ಸರಿಮಾಡುತ್ತಿರುತ್ತದೆ.

ಮರ್ಕ್ಯುರಿಕ್ ಕ್ಲೋರೈಡ್: ನೀರಿನಲ್ಲಿ ಶೇ. 5ರ ದ್ರಾವಣ. ಕಡು ವಿಷ. ಬಾಟಲಿಯ ಮೇಲೆ ಹಾಗೆಂದು ಕನ್ನಡದಲ್ಲೂ ಬರೆಯಿರಿ, ಪಾತ್ರೆ ತೊಳೆಯುವವರಿಗೂ ಅದು ತಿಳಿಯಬೇಕು.

ಆಮ್ಲ ಮಿಶ್ರಣ: ಸುಮಾರು 500 ಮಿ.ಲೀ. ನೀರಿಗೆ 150 ಮಿ.ಲೀ. ಫಾಸ್ಫಾರಿಕ್ ಆಮ್ಲ ಹಾಕಿ. ತಣ್ಣೀರಲ್ಲಿ ಬೀಕರ್ ಇಟ್ಟು, ಕಲಕುತ್ತ, 150 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನವಾಗಿ ಬಿಡಿ. ಆರಿದ ಮೇಲೆ 1 ಲೀಟರ್ ಮಾಡಿ.

ಸೂಚಕ (ಟೈಟ್ರೇಷನ್ ಮುಗಿದದ್ದನ್ನು ಬಣ್ಣ ಬದಲಿಸಿ ತೋರಿಸುವುದು): ಬೇರಿಯಂ ಅಥವಾ ಸೋಡಿಯಂ ಡೈಫೀನೈಲಮೀನ್ ಸಲ್ಫೊನೇಟ್, ನೀರಿನಲ್ಲಿ ಶೇ. 0.2.

ಮಾದರಿ

ರಾಶಿ ಹಾಕಿದ ಅದಿರಿನಲ್ಲಿ ದಪ್ಪ ಗಟ್ಟಿಗಳು ಉರುಳಿ ಬುಡದ ಅಂಚಿಗೆ ಬಂದಿರುತ್ತವೆ, ಪುಡಿ ನಡುವೆ ಉಳಿಯುತ್ತದೆ. ಗಟ್ಟಿಗೂ ಪುಡಿಗೂ ಕಬ್ಬಿಣದ ಪ್ರಮಾಣ ಒಂದೇ ಇರುವುದಿಲ್ಲ. ಜೇಡಿ ಬೆರೆತ ಪುಡಿಯಲ್ಲಿ ಅಲ್ಯೂಮಿನಾ ಹೆಚ್ಚಿ ಕಬ್ಬಿಣ ಇಳಿದಿರಬಹುದು. ಬ್ಲೂ ಡಸ್ಟ್ (ತಾನೇ ಪುಡಿಯಾಗಿರುವ ಹೆಮಟೈಟ್) ಆದರೆ ಪುಡಿಯೇ ಗಟ್ಟಿಗಿಂತ ಶ್ರೀಮಂತ. ಬುಡದಲ್ಲಿ ಸಲಿಕೆ ಹಾಕಿ ತಂದದ್ದು ಆ ರಾಶಿಯ ಮಾದರಿಯಲ್ಲ. ಸಾಧ್ಯವಿದ್ದರೆ ಕನ್ವೇಯರ್ ಓಡುವಾಗಲೇ ನಿಗದಿತ ಅಂತರದಲ್ಲಿ ಬೆಲ್ಟಿನ ಪೂರ್ತಿ ಅಗಲಕ್ಕೆ ತೆಗೆಯಿರಿ.

ಜಜ್ಜಿ, ಮಾದರಿಯನ್ನು ಎರಡು ಸಮಪಾಲು ಮಾಡುವ ರಿಫಲ್ ಸ್ಪ್ಲಿಟರ್‌ನಲ್ಲಿ ಅರ್ಧರ್ಧ ಮಾಡುತ್ತ ಬಂದು, ಕೊನೆಗೆ 50–100 ಗ್ರಾಂ ಪುಡಿ ಉಳಿಯಬೇಕು. ಅದೆಲ್ಲವೂ 100 ಮೈಕ್ರಾನ್ ಜರಡಿಯಲ್ಲಿ ಇಳಿಯಬೇಕು. ಜರಡಿಯ ಮೇಲೆ ಉಳಿದ ಒರಟು ಕಾಳನ್ನು ಎಸೆಯುವಂತಿಲ್ಲ, ಮತ್ತೆ ಅರೆದು ಸೇರಿಸಬೇಕು. ಅಲ್ಲಿ ಉಳಿಯುವುದು ಹೆಚ್ಚಾಗಿ ಗಟ್ಟಿಯಾದ ಕ್ವಾರ್ಟ್ಸ್. ಅದನ್ನು ಎಸೆದರೆ ಅದಿರು ಇಲ್ಲದ ಶ್ರೀಮಂತಿಕೆ ತೋರಿಸುತ್ತದೆ. ಪಟ್ಟೆಪಟ್ಟೆಯ ಹೆಮಟೈಟ್ ಕ್ವಾರ್ಟ್ಜೈಟ್, ಟೇಲಿಂಗ್ಸ್ (ಅದಿರನ್ನು ಬೇರ್ಪಡಿಸಿದ ಮೇಲೆ ಉಳಿದ ಕಸರು) ಮುಂತಾದ ಬಡ ಮಾದರಿಗಳನ್ನು ಉಕ್ಕಿನ ಬಟ್ಟಲಲ್ಲಿ ಅರೆಯಬೇಡಿ, ಬಟ್ಟಲಿನ ಕಬ್ಬಿಣವೇ ಸೇರಿಕೊಳ್ಳುತ್ತದೆ. ಅಗೇಟ್ ಬಳಸಿ. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಶುದ್ಧ ಕ್ವಾರ್ಟ್ಸ್ ಮರಳು ಅರೆದು ಚೆಲ್ಲಿ.

ಒಣಗಿಸುವಾಗ ಪುಡಿಯನ್ನು ಅಗಲ ಬಾಯಿಯ ತೂಕದ ಬಾಟಲಿಯಲ್ಲಿ ತೆಳ್ಳಗೆ ಹರಡಿ 105 °ಸೆ.ನಲ್ಲಿ ಎರಡು ಗಂಟೆ ಇಡಿ. ಮುಚ್ಚಳ ಹಾಕಿ ಡೆಸಿಕೇಟರ್‌ನಲ್ಲಿ ಅರ್ಧ ಗಂಟೆ ಆರಿಸಿ. ಗೋಥೈಟ್ (ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡ್) ಹೆಚ್ಚಿರುವ ಹಳದಿ-ಕಂದು ಅದಿರು ಮಳೆಗಾಲದ ಗಾಳಿಯಲ್ಲಿ ತಕ್ಕಡಿಯ ಮೇಲೆಯೇ ತೇವ ಹೀರುತ್ತ ತೂಕ ಏರಿಸುತ್ತದೆ. ಅಂಕಿ ನಿಲ್ಲದೆ ಮೇಲೇರುತ್ತಿದ್ದರೆ ಅದೇ ಕಾರಣ. ಶೇ. 0.3 ತೇವ ಉಳಿದರೆ 64ರ ಅದಿರಿನಲ್ಲಿ 0.19 ಕಳೆದುಹೋಗುತ್ತದೆ. ಬಾಟಲಿ ಸಮೇತ ತೂಗಿ, ಪುಡಿ ಬೀಕರಿಗೆ ಸುರಿದು, ಬಾಟಲಿಯನ್ನು ಮತ್ತೆ ತೂಗಿ ವ್ಯತ್ಯಾಸ ತೆಗೆದುಕೊಳ್ಳಿ.

ತೂಕ 0.4 ಗ್ರಾಂ ಇರಲಿ, ನಾಲ್ಕನೆಯ ದಶಮಾಂಶದವರೆಗೆ ಬರೆದುಕೊಳ್ಳಿ. 0.5 ತೆಗೆದುಕೊಂಡರೆ 64ರ ಅದಿರಿಗೆ 57 ಮಿ.ಲೀ. ಬೇಕಾಗಿ 50ರ ಬ್ಯುರೆಟ್ ಎರಡು ಸಲ ತುಂಬಬೇಕಾಗುತ್ತದೆ. 0.4ಕ್ಕೆ ಸುಮಾರು 46 ಮಿ.ಲೀ. ಸಾಕು.

ಕರಗಿಸುವುದು

300 ಮಿ.ಲೀ. ಬೀಕರಿನಲ್ಲಿ ಪುಡಿಯನ್ನು ಸ್ವಲ್ಪ ನೀರಿನಿಂದ ನೆನೆಸಿ, 30 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ವಾಚ್ ಗ್ಲಾಸ್ ಮುಚ್ಚಿ ಹಾಟ್ ಪ್ಲೇಟಿನ ಮೇಲಿಡಿ. ಬಿಸಿ ಇರಲಿ, ಕುದಿ ಬೇಡ. ಕುದಿದರೆ, ಅದಕ್ಕಿಂತಲೂ ಬೀಕರಿನ ತಳ ಒಣಗಿದರೆ, ಫೆರ್ರಿಕ್ ಕ್ಲೋರೈಡ್ ಆವಿಯಾಗಿ ಹೋಗುತ್ತದೆ. ಒಂದೆರಡು ಮಿ.ಲೀ. ಸ್ಟ್ಯಾನಸ್ ಕ್ಲೋರೈಡ್ ಈಗಲೇ ಹಾಕಿದರೆ ಹೆಮಟೈಟ್ ಬೇಗ ಕರಗುತ್ತದೆ. ಒಂದು ಗಂಟೆ ಹಿಡಿಯಬಹುದು. ಸುಮಾರು 1300 °ಸೆ.ನಲ್ಲಿ ಸುಟ್ಟ ಪೆಲೆಟ್ (ಅದಿರಿನ ಪುಡಿಯ ಉಂಡೆ) ಇನ್ನೂ ತಡ ಮಾಡುತ್ತದೆ, ಅದನ್ನು ಹೆಚ್ಚು ನುಣ್ಣಗೆ ಅರೆಯುವುದೇ ಮದ್ದು. ಅವಸರಕ್ಕೆಂದು ನೈಟ್ರಿಕ್ ಆಮ್ಲ ಸೇರಿಸಬೇಡಿ. ಅದು ಉಳಿದುಕೊಂಡರೆ ಮುಂದೆ ಸ್ಟ್ಯಾನಸ್ ಅನ್ನೂ ಫೆರ್ರಸ್ ಅನ್ನೂ ತಿನ್ನುತ್ತದೆ.

ತಳದಲ್ಲಿ ಉಳಿಯುವ ಶೇಷವನ್ನು ನೋಡಿ. ಬಿಳಿ ಮರಳಿನಂತಿದ್ದರೂ ಅದನ್ನು ನಂಬಬಾರದು, ಕ್ವಾರ್ಟ್ಸ್ ಕಾಳಿನ ಒಳಗೆ ಹೆಮಟೈಟ್ ಸಿಕ್ಕಿಕೊಂಡಿರಬಹುದು. 0.4 ಗ್ರಾಂನಲ್ಲಿ ಒಂದೇ ಒಂದು ಮಿಲಿಗ್ರಾಂ ಕಬ್ಬಿಣ ಶೇಷದಲ್ಲಿ ಉಳಿದರೆ ಫಲಿತಾಂಶ 0.25 ಇಳಿಯುತ್ತದೆ. ದರ್ಜೆ ನಿರ್ಧರಿಸುವ ಮಾದರಿಗೆ ಶೇಷದ ಕೆಲಸವನ್ನು ಬಿಡುವಂತೆಯೇ ಇಲ್ಲ.

ಬಿಸಿನೀರು ಹಾಕಿ 50 ಮಿ.ಲೀ. ಮಾಡಿ, ವಾಟ್ಮನ್ 42 ಅಥವಾ ಅಂಥದೇ ಬಿಗಿ ಕಾಗದದಲ್ಲಿ ಇನ್ನೊಂದು ದೊಡ್ಡ ಬೀಕರಿಗೆ ಸೋಸಿ. 1 ಪಾಲು ಆಮ್ಲಕ್ಕೆ 50 ಪಾಲು ನೀರಿನ ಬೆಚ್ಚನೆಯ ಹೈಡ್ರೋಕ್ಲೋರಿಕ್‌ನಿಂದ ಕಾಗದದ ಹಳದಿ ಹೋಗುವವರೆಗೆ ತೊಳೆಯಿರಿ, ಆಮೇಲೆ ಬಿಸಿನೀರಿನಿಂದ ಆರೆಂಟು ಸಲ. ಕಾಗದವನ್ನು ಪ್ಲಾಟಿನಂ ಮೂಸೆಯಲ್ಲಿಟ್ಟು ಮೊದಲು ಸಣ್ಣ ಉರಿಯಲ್ಲಿ, ಗಾಳಿ ಚೆನ್ನಾಗಿ ಆಡುವಂತೆ, ಕರಿ ಪೂರ್ತಿ ಹೋಗುವವರೆಗೆ ಸುಡಿ. ಕರಿ ಇರುವಾಗಲೇ ಜೋರು ಉರಿ ಕೊಟ್ಟರೆ ಕಬ್ಬಿಣದ ಆಕ್ಸೈಡ್ ಲೋಹವಾಗಿ ಇಳಿದು ಪ್ಲಾಟಿನಂ ಜೊತೆ ಬೆರೆತುಬಿಡುತ್ತದೆ, ಮೂಸೆಯೂ ಹಾಳು, ಅಂಕಿಯೂ ಹಾಳು. ಆಮೇಲೆ 750–800 °ಸೆ.ಗೆ ಏರಿಸಿ.

ಆರಿದ ಮೇಲೆ ಸಮಪಾಲು ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದ ಕೆಲವು ಹನಿ, 5 ಮಿ.ಲೀ. ಹೈಡ್ರೊಫ್ಲೋರಿಕ್ ಆಮ್ಲ ಹಾಕಿ ಫ್ಯೂಮ್ ಹುಡ್ ಒಳಗೆ ಮೆಲ್ಲಗೆ ಆವಿ ಮಾಡಿ. ಸಿಲಿಕಾ ಹಾರಿಹೋಗುತ್ತದೆ. ಬಿಳಿ ಹೊಗೆ ನಿಂತ ಮೇಲೆ 2 ಗ್ರಾಂ ಪೊಟ್ಯಾಸಿಯಂ ಪೈರೊಸಲ್ಫೇಟ್ ಹಾಕಿ ತಿಳಿಯಾಗುವವರೆಗೆ ಕರಗಿಸಿ. ಆರಿಸಿ, 25 ಮಿ.ಲೀ. ನೀರು ಮತ್ತು 5 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಡಿಸಿ ಮುಖ್ಯ ದ್ರಾವಣಕ್ಕೆ ಸೇರಿಸಿ.

ಹೈಡ್ರೊಫ್ಲೋರಿಕ್ ಆಮ್ಲದ ಬಗ್ಗೆ ಒಂದು ಮಾತು. ದುರ್ಬಲಗೊಳಿಸಿದ್ದು ಚರ್ಮಕ್ಕೆ ತಾಗಿದಾಗ ಕೂಡಲೇ ಉರಿಯದಿರಬಹುದು. ಆದರೆ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿಯುತ್ತದೆ, ಪ್ರಾಣಕ್ಕೇ ಕುತ್ತು ತರಬಲ್ಲದು. ಶೇ. 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಂತೆ ಇಲ್ಲದ ಲ್ಯಾಬಿನಲ್ಲಿ ಈ ಬಾಟಲಿ ತೆರೆಯಲೇಬೇಡಿ. ಒಬ್ಬರೇ ಇರುವಾಗಲೂ ಬೇಡ. ಗಾಜಿನ ಅಳತೆ ಪಾತ್ರೆ ಬಳಸುವಂತಿಲ್ಲ, ಪ್ಲಾಸ್ಟಿಕ್ಕೇ ಆಗಬೇಕು.

ತವರದ ಹನಿ

ಇಡೀ ವಿಧಾನದ ನಾಜೂಕಿನ ಜಾಗ ಇದು. ಎಲ್ಲವನ್ನೂ ಒಟ್ಟುಮಾಡಿದ ದ್ರಾವಣ 100 ಮಿ.ಲೀ. ಒಳಗಿರಲಿ, ಹೆಚ್ಚಿದ್ದರೆ ಕುದಿಸದೆ ಇಳಿಸಿ. ಕುದಿಯುವುದಕ್ಕೆ ಸ್ವಲ್ಪ ಕೆಳಗೆ ಬಿಸಿ ಇರುವಾಗ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ, ಕಲಕುತ್ತ ಬಿಡಿ. ಕಡು ಹಳದಿ, ತೆಳು ಹಳದಿ, ಆಮೇಲೆ ಬಣ್ಣವಿಲ್ಲ. ತೆಳು ಹಳದಿಗೆ ಬಂದ ಮೇಲೆ ಪ್ರತಿ ಹನಿಗೂ ಎರಡು ಸೆಕೆಂಡು ಕಾಯಿರಿ. ದ್ರಾವಣ ತಣ್ಣಗಾಗಿದ್ದರೆ ಕ್ರಿಯೆ ನಿಧಾನ. ಆಗ ಹಳದಿ ಹೋಗಲಿಲ್ಲವೆಂದು ಹನಿ ಹಾಕುತ್ತಲೇ ಹೋದರೆ ಮಿತಿ ಮೀರುತ್ತದೆ. ಬಣ್ಣ ಹೋದ ಮೇಲೆ ಒಂದು ಅಥವಾ ಎರಡು ಹನಿ ಹೆಚ್ಚುವರಿ, ಅಷ್ಟೇ. ಹಿಂದೆ ಬಿಳಿ ಕಾಗದ ಇಟ್ಟು ನೋಡಿ. ಟ್ಯೂಬ್‌ಲೈಟಿಗಿಂತ ಹಗಲ ಬೆಳಕಿನಲ್ಲಿ ತೆಳು ಹಳದಿ ಚೆನ್ನಾಗಿ ಕಾಣುತ್ತದೆ.

ಬೀಕರನ್ನು ಹರಿಯುವ ನೀರಿನಲ್ಲಿಟ್ಟು ಬೇಗ ತಣ್ಣಗೆ ಮಾಡಿ. 10 ಮಿ.ಲೀ. ಮರ್ಕ್ಯುರಿಕ್ ಕ್ಲೋರೈಡನ್ನು ಒಮ್ಮೆಗೇ ಸುರಿದು ಕಲಕಿ, ಐದು ನಿಮಿಷ ಬಿಡಿ. ಈಗ ಏನು ಕಾಣುತ್ತದೆ ಎಂಬುದೇ ತೀರ್ಪು. ರೇಷ್ಮೆಯಂಥ ತೆಳು ಬಿಳಿ ತೇಲಿದರೆ ಸರಿ. ಏನೂ ಕಾಣದಿದ್ದರೆ ಸ್ಟ್ಯಾನಸ್ ಸಾಲದಾಗಿದೆ, ಇಳಿಯದ ಫೆರ್ರಿಕ್ ಉಳಿದಿದೆ, ಅಂಕಿ ಕಡಿಮೆ ಬರುತ್ತದೆ. ಬೂದು ಅಥವಾ ಕಪ್ಪಾದರೆ ಸ್ಟ್ಯಾನಸ್ ಹೆಚ್ಚಾಗಿ ಪಾದರಸವೇ ಲೋಹವಾಗಿ ಇಳಿದಿದೆ. ಅದು ಡೈಕ್ರೋಮೇಟ್ ತಿನ್ನುತ್ತದೆ, ಅಂಕಿ ಹೆಚ್ಚು ಬರುತ್ತದೆ. ಈ ಎರಡರಲ್ಲಿ ಯಾವುದಾದರೂ ಆ ಬೀಕರ್ ಮುಗಿಯಿತು. ತಿದ್ದಲು ಹೋಗದೆ ಹೊಸದಾಗಿ ತೂಗಿ. ಬಿಸಿ ಇರುವಾಗಲೇ ಮರ್ಕ್ಯುರಿಕ್ ಕ್ಲೋರೈಡ್ ಹಾಕಿದರೂ, ಸುರಿಯದೆ ಹನಿಹನಿಯಾಗಿ ಹಾಕಿದರೂ ಬೂದು ಬಣ್ಣ ಬರುತ್ತದೆ.

ಪಾದರಸವಿಲ್ಲದೆ

ಒಂದು ಪರೀಕ್ಷೆಗೆ 10 ಮಿ.ಲೀ. ಎಂದರೆ 0.37 ಗ್ರಾಂ ಪಾದರಸ. ದಿನಕ್ಕೆ ಹತ್ತಿಪ್ಪತ್ತು ಮಾದರಿ ಮಾಡುವ ಲ್ಯಾಬಿಗೆ ಇದು ಸಣ್ಣ ಮಾತಲ್ಲ. ಹೊಸದಾಗಿ ಶುರು ಮಾಡುವವರು ಟೈಟೇನಿಯಂ ದಾರಿಯನ್ನೇ ಹಿಡಿಯುವುದು ಒಳ್ಳೆಯದು. ಅದರಲ್ಲಿ ಸ್ಟ್ಯಾನಸ್ ಕ್ಲೋರೈಡನ್ನು ತೆಳು ಹಳದಿ ಉಳಿಯುವವರೆಗೆ ಮಾತ್ರ ಹಾಕುತ್ತೇವೆ, ಬಣ್ಣ ಪೂರ್ತಿ ಹೋಗಬಾರದು. ಹೋಗಿಬಿಟ್ಟರೆ ದುರ್ಬಲ ಡೈಕ್ರೋಮೇಟಿನ ಹನಿಗಳಿಂದ ಹಳದಿಯನ್ನು ವಾಪಸ್ ತನ್ನಿ. ಬಿಸಿ ಇರುವಾಗಲೇ ಶೇ. 0.1ರ ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣದ ಐದಾರು ಹನಿ ಹಾಕಿ. ದುರ್ಬಲ ಟೈಟೇನಿಯಂ ಟ್ರೈಕ್ಲೋರೈಡನ್ನು ನೀಲಿ ಮಾಯವಾಗುವವರೆಗೆ ಬಿಟ್ಟು, ಎರಡು ಮೂರು ಹನಿ ಹೆಚ್ಚು ಹಾಕಿ. ಆ ಹೆಚ್ಚುವರಿಯನ್ನು ಮತ್ತೆ ದುರ್ಬಲ ಡೈಕ್ರೋಮೇಟ್ ಹನಿಯಿಂದ ತೆಗೆಯಬೇಕು. ನೀಲಿ ಮರಳಿ ಐದು ಸೆಕೆಂಡು ನಿಂತರೆ ಸಾಕು. ಈ ಹನಿಗಳು ಲೆಕ್ಕಕ್ಕಿಲ್ಲ. ಕೂಡಲೇ ತಣ್ಣಗೆ ಮಾಡಿ ಟೈಟ್ರೇಷನ್ನಿಗೆ ಹೋಗಿ, ತಡಮಾಡಿದರೆ ಗಾಳಿಯೇ ಫೆರ್ರಸ್ ಅನ್ನು ತಿನ್ನತೊಡಗುತ್ತದೆ.

ಟೈಟ್ರೇಷನ್

ದ್ರಾವಣವನ್ನು 300 ಮಿ.ಲೀ.ವರೆಗೆ ತಣ್ಣೀರು ಹಾಕಿ ಹೆಚ್ಚಿಸಿ. 30 ಮಿ.ಲೀ. ಆಮ್ಲ ಮಿಶ್ರಣ, ಐದಾರು ಹನಿ ಸೂಚಕ. ಡೈಕ್ರೋಮೇಟ್ ಬಿಡುತ್ತ ಹೋದಂತೆ ಕ್ರೋಮಿಯಂನ ಹಸಿರು ದಟ್ಟವಾಗುತ್ತದೆ, ಕೊನೆ ಹತ್ತಿರ ಬಂದಾಗ ನೀಲಿ-ಹಸಿರಿಗೆ ತಿರುಗುತ್ತದೆ. ಅಲ್ಲಿಂದ ಹನಿಹನಿ. ನೇರಳೆ ಬಂದು ನಿಂತಾಗ ನಿಲ್ಲಿಸಿ. ಫಾಸ್ಫಾರಿಕ್ ಆಮ್ಲ ಮರೆತರೆ ಸೂಚಕ ಮೊದಲೇ ನೇರಳೆಗೆ ತಿರುಗಿ ಅಂಕಿ ಕಡಿಮೆ ಬರುತ್ತದೆ. ಫೆರ್ರಿಕ್ ಅನ್ನು ಬಣ್ಣವಿಲ್ಲದ ಸಂಯುಕ್ತದಲ್ಲಿ ಕಟ್ಟಿಹಾಕಿ ಸೂಚಕ ಸರಿಯಾದ ಹೊತ್ತಿಗೆ ತಿರುಗುವಂತೆ ಮಾಡುವುದು ಅದೇ.

ಬ್ಲ್ಯಾಂಕ್, ಅಂದರೆ ಅದಿರಿಲ್ಲದೆ ಮಾಡುವ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಕಬ್ಬಿಣವೇ ಇಲ್ಲದ ದ್ರಾವಣದಲ್ಲಿ ಈ ಸೂಚಕ ಡೈಕ್ರೋಮೇಟಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ಎಲ್ಲ ರಾಸಾಯನಿಕಗಳೂ ಸೇರಿದ ಬ್ಲ್ಯಾಂಕಿಗೆ 1.00 ಮಿ.ಲೀ. ಫೆರ್ರಸ್ ಅಮೋನಿಯಂ ಸಲ್ಫೇಟ್ ಹಾಕಿ ಟೈಟ್ರೇಟ್ ಮಾಡಿ, ಅದೇ ಬೀಕರಿಗೆ ಇನ್ನೊಂದು 1.00 ಮಿ.ಲೀ. ಹಾಕಿ ಮತ್ತೆ ಮಾಡಿ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದು ಬ್ಲ್ಯಾಂಕ್.

ಲೆಕ್ಕ ಸುಲಭ. 0.1 ನಾರ್ಮಲ್ ದ್ರಾವಣದ 1 ಮಿ.ಲೀ. ಎಂದರೆ 5.5845 ಮಿ.ಗ್ರಾಂ ಕಬ್ಬಿಣ. ಬ್ಯುರೆಟ್ ಅಂಕಿಯಿಂದ ಬ್ಲ್ಯಾಂಕ್ ಕಳೆದು, 0.55845ರಿಂದ ಗುಣಿಸಿ, ಗ್ರಾಂ ಲೆಕ್ಕದ ತೂಕದಿಂದ ಭಾಗಿಸಿ. ತೂಕ 0.4008, ಬ್ಯುರೆಟ್ 46.10, ಬ್ಲ್ಯಾಂಕ್ 0.05 ಆದರೆ ಕಬ್ಬಿಣ ಶೇ. 64.16.

ಅಂಕಿ ನಂಬುವ ಮೊದಲು

ಒಟ್ಟಿಗೆ ಮಾಡುವ ಮಾದರಿಗಳ ಪ್ರತಿ ಗುಂಪಿಗೂ ಜೋಡಿ ತೂಕ, ಒಂದು ಬ್ಲ್ಯಾಂಕ್, ಹತ್ತಿರದ ದರ್ಜೆಯ ಪ್ರಮಾಣಿತ (ಕಬ್ಬಿಣ ಎಷ್ಟೆಂದು ಮೊದಲೇ ಗೊತ್ತಿರುವ) ಅದಿರು ಒಂದು. ಜೋಡಿಗಳ ನಡುವೆ 0.2ಕ್ಕಿಂತ ಹೆಚ್ಚು ಅಂತರವಿದ್ದರೆ ಸರಾಸರಿ ತೆಗೆದು ಮುಚ್ಚಿಹಾಕಬೇಡಿ, ಮತ್ತೆ ಮಾಡಿ. ಶುದ್ಧ ಹೆಮಟೈಟಿನಲ್ಲೇ ಕಬ್ಬಿಣ 69.94. ಗೋಥೈಟಿನಲ್ಲಿ 62.85, ಮ್ಯಾಗ್ನೆಟೈಟಿನಲ್ಲಿ 72.36. ಹೆಮಟೈಟ್ ಅದಿರಿಗೆ 70 ದಾಟಿದ ಅಂಕಿ ಬಂದರೆ ಎಲ್ಲೋ ಎಡವಿದೆ.

ಇನ್ನೂ ಬಿಗಿಯಾದ ಪರೀಕ್ಷೆ ಮೊತ್ತದ್ದು. 64.16ನ್ನು 1.4297ರಿಂದ ಗುಣಿಸಿದರೆ ಫೆರ್ರಿಕ್ ಆಕ್ಸೈಡ್ 91.73. ಅದಕ್ಕೆ ಸಿಲಿಕಾ, ಅಲ್ಯೂಮಿನಾ, 1000 °ಸೆ.ನಲ್ಲಿ ಸುಟ್ಟಾಗಿನ ನಷ್ಟ, ಉಳಿದ ಚಿಲ್ಲರೆ ಆಕ್ಸೈಡ್‌ಗಳನ್ನು ಕೂಡಿದರೆ 99.5ರಿಂದ 100.5ರೊಳಗೆ ಬರಬೇಕು. ಮ್ಯಾಗ್ನೆಟೈಟ್ ಇರುವ ಮಾದರಿ ಸುಟ್ಟಾಗ ಆಮ್ಲಜನಕ ಹಿಡಿದು ತೂಕ ಏರುತ್ತದೆ. ಆ ಏರಿಕೆಯನ್ನು ಋಣ ನಷ್ಟವೆಂದೇ ಲೆಕ್ಕಕ್ಕೆ ಹಿಡಿಯಿರಿ, ಸೊನ್ನೆ ಎಂದು ಬರೆದರೆ ಮೊತ್ತ 100 ದಾಟುತ್ತದೆ.

ಎಲ್ಲ ಅದಿರಿಗೂ ಈ ವಿಧಾನ ಹಾಗೆಯೇ ಒಗ್ಗುವುದಿಲ್ಲ. ಟೈಟೇನಿಯಂ ಬೆರೆತ ಮ್ಯಾಗ್ನೆಟೈಟಿನಲ್ಲಿ ವೆನೇಡಿಯಂ ಇರುತ್ತದೆ. ಅದು ಕೊನೆಯ ಬಿಂದುವನ್ನು ಎಳೆದು ಅಂಕಿಯನ್ನು ಹೆಚ್ಚಿಸುತ್ತದೆ. ಆ ಅದಿರು ಆಮ್ಲದಲ್ಲಿ ಪೂರ್ತಿ ಕರಗುವುದೂ ಇಲ್ಲ, ಕ್ಷಾರದೊಂದಿಗೆ ಕರಗಿಸಿ, ನೀರಿನಲ್ಲಿ ಬಿಡಿಸಿ, ವೆನೇಡಿಯಂ ಸೋಸಿದ ನೀರಿಗೆ ಹೋದ ಮೇಲೆ ಕಬ್ಬಿಣವನ್ನು ಕೈಗೆತ್ತಿಕೊಳ್ಳಬೇಕು. ತಾಮ್ರ ಶೇ. 0.1 ಮೀರಿದರೆ ಅಮೋನಿಯಾ ಹಾಕಿ ಕಬ್ಬಿಣವನ್ನು ಹೈಡ್ರಾಕ್ಸೈಡ್ ಆಗಿ ಇಳಿಸಿ ಸೋಸಿ. ತಾಮ್ರ ನೀಲಿಯಾಗಿ ಕೆಳಗೆ ಹೋಗುತ್ತದೆ. ಕಾಗದದ ಮೇಲಿನದನ್ನು ಮತ್ತೆ ಆಮ್ಲದಲ್ಲಿ ಕರಗಿಸಿ.

ಮುಗಿದ ಬೀಕರುಗಳನ್ನು ಸಿಂಕಿಗೆ ಸುರಿಯಬೇಡಿ. ಪಾದರಸ ಬಳಸಿದ್ದರೆ ಅದರ ತ್ಯಾಜ್ಯಕ್ಕೆ ಮುಚ್ಚಳವಿರುವ ಪ್ರತ್ಯೇಕ ಡಬ್ಬಿ, ಅದರ ಮೇಲೆ ಹೆಸರು ಮತ್ತು ತಾರೀಖು ಇರಲಿ. ಆಮ್ಲ ಇರುವ ಆ ಡಬ್ಬಿಗೆ ಸಲ್ಫೈಡ್ ಹಾಕಿ ಪಾದರಸ ಇಳಿಸಲು ಹೋದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಅಂಥ ಪ್ರಯತ್ನ ಮಾಡದೆ, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಡಬ್ಬಿಯನ್ನು ಹಾಗೆಯೇ ಕೊಡಿ. ಬ್ಯುರೆಟ್‌ನಲ್ಲಿ ಉಳಿದ ಡೈಕ್ರೋಮೇಟನ್ನು ಬಾಟಲಿಗೆ ಮರಳಿ ಸುರಿಯುವಂತಿಲ್ಲ, ಕ್ರೋಮಿಯಂ ತ್ಯಾಜ್ಯದ ಡಬ್ಬಿಗೆ ಹಾಕಿ.